ಸೋದರತ್ತೆಯ ಮದುವೆಯಲ್ಲಿ ನೀರು ಕುಡಿಸಿದವರು ಯಾರು?

ಕಬ್ಬಿನ ದ್ವೀಪದ ತವುವಾ ಪೇಟೆಯಲ್ಲಿ ಭಾಗಮತಿಯನ್ನು ಎರಡು ಕಾರಣಕ್ಕೆ ಹುಡುಕಿಕೊಂಡು ಬರುತ್ತಿದ್ದರು. ಮಕ್ಕಳ ಸಮವಸ್ತ್ರ ಹೊಲಿಸಲು ಊರವರು; ತಮ್ಮ ಮುತ್ತಜ್ಜ ಯಾರು, ಮುತ್ತಜ್ಜಿ ಯಾರನ್ನು ಕಟ್ಟಿಕೊಂಡಳು ಎಂದು ತಿಳಿಯಲು ಸಿಡ್ನಿ, ಆಕ್ಲೆಂಡ್ ಕಡೆಯವರು. ಗಿರ್ಮಿಟ್ ಕರಾರಿನಲ್ಲಿ ಕಬ್ಬು ಕಡಿಯಲು ಹಡಗು ಹತ್ತಿ ಬಂದವರ ಹೆಸರು, ಎತ್ತರ, ಮೈಮೇಲಿನ ಮಚ್ಚೆ ಎಲ್ಲ ಸರ್ಕಾರದ ಕಾಗದದಲ್ಲಿತ್ತು. ಇಲ್ಲಿ ಇಳಿದ ಮೇಲೆ ಯಾರ ಸಂಸಾರ ಯಾರ ಜೊತೆ ಎಂಬುದು ಮಾತ್ರ ಇರಲಿಲ್ಲ. ಅಗ್ನಿ ಸುತ್ತಿದ ಮದುವೆಯನ್ನು ಬಿಳಿಯರ ಕಚೇರಿ ಮದುವೆಯೆಂದೇ ಎಣಿಸಲಿಲ್ಲ. ಹುಟ್ಟಿದ ಮಕ್ಕಳಿಗೆ ಅಪ್ಪನ ಹೆಸರಿನ ಜಾಗದಲ್ಲಿ ಒಂದು ಗೀಟು ಎಳೆದು ಕೈತೊಳೆದುಕೊಂಡಿತು. ಅದರ ಬುದ್ಧಿವಂತಿಕೆಗೆ ಬೆಂಕಿ ಬೀಳ!

"ಕಾಗದ ಮಡಚಿ ಚೀಲದಲ್ಲಿಡಿ. ನಿಮ್ಮ ಕಡೆ ಹಳೇ ಮದುವೆ ನೆನಪಿರೋ ಮುದುಕಿ ಯಾರಿದಾರೆ, ಅದನ್ನ ಹೇಳಿ," ಎನ್ನುತ್ತಿದ್ದಳು ಭಾಗಮತಿ.

ಅಪ್ಪ ಯಾರು, ಗಂಡ ಯಾರು ಎಂದು ಕೇಳಿದರೆ ಮುದುಕಿಯರು ಬಾಯಿಗೆ ಬೀಗ ಹಾಕಿಕೊಳ್ಳುತ್ತಾರೆ. ಅವಳು ಕೇಳುತ್ತಿದ್ದದ್ದೇ ಬೇರೆ. ಹೆಣ್ಣಿನ ಕೈಗೆ ಅರಳು ಹಾಕಿದವರು ಯಾರು? ಸೊಸೆ ಯಾರನ್ನು ಕಂಡು ಸೆರಗೆಳೆದುಕೊಂಡಳು? ಮದುವಣಗಿತ್ತಿಯ ತಾಯಿಗೆ ಮಾವಿನೆಲೆ ಕಚ್ಚಿಸಿ ನೀರು ಕುಡಿಸಿ ಇಮಲಿ ಘೋಟಾಯಿ ಎಂಬ ಶಾಸ್ತ್ರ ಮಾಡಿದವರು ಯಾರು? ಅದನ್ನು ಮಾಡುವವನು ತಾಯಿಯ ಅಣ್ಣನೋ ತಮ್ಮನೋ ಆಗಿರಲೇಬೇಕು. ಕಚೇರಿಯಲ್ಲಿ ಸುಳ್ಳು ಹೇಳಿದ ಜನ ಚಪ್ಪರದ ಕೆಳಗೆ ಹೇಳುವುದಿಲ್ಲ. ಹೀಗೆ ಕೇಳಿ ಕೇಳಿಯೇ ಅವಳು ಎಷ್ಟೋ ಗೀಟುಗಳ ಮೇಲೆ ಹೆಸರು ಕೂರಿಸಿದ್ದಳು.

ಊರವರ ವಂಶವೆಲ್ಲ ಬಿಡಿಸಿದವಳಿಗೆ ತನ್ನದೇ ಮದುವೆಯಾಗಿರಲಿಲ್ಲ. ಇಪ್ಪತ್ತರ ವಯಸ್ಸಿನಲ್ಲಿ ಖೇಲಾವನ್ ಎಂಬ ಲಾರಿ ಹುಡುಗ ಅವಳ ಅಪ್ಪನ ಮುಂದೆ ನಿಂತು ಹೆಣ್ಣು ಕೇಳಿದ್ದ. "ನಿಮ್ಮಜ್ಜ ಮಂಗಲ್, ನಮ್ಮಪ್ಪ ಝಗರೂ ಒಡಹುಟ್ಟಿದವರು ಕಣೋ! ಅವಳು ನಿನಗೆ ತಂಗಿಯಾಗ್ಬೇಕು. ನಾಚಿಕೆ ಆಗಲ್ವಾ?" ಎಂದು ಅಪ್ಪ ಗದರಿ ಕಳಿಸಿದ. ಖೇಲಾವನ್ ಬೇರೆ ಕಡೆ ಮದುವೆಯಾದ. ಹೆಂಡತಿ ತೀರಿಕೊಂಡು ಈಗ ಆರೇಳು ವರ್ಷ. ಭಾಗಮತಿ ಬಂದ ಗಂಡುಗಳಿಗೆಲ್ಲ ಒಂದೊಂದು ಕುಂದು ಹುಡುಕಿದಳು. ರಾಖಿ ಹಬ್ಬದ ದಿನ ಮಾತ್ರ ಅವಳಿಗೆ ತಪ್ಪದೆ ಜ್ವರ ಬರುತ್ತಿತ್ತು, ಅವನ ಲಾರಿಯೂ ತಪ್ಪದೆ ದೂರದ ಊರಿಗೆ ಹೋಗಿರುತ್ತಿತ್ತು.

ಸಿಡ್ನಿಯವರೊಬ್ಬರ ಕೆಲಸಕ್ಕೆಂದು ಅವಳು ಬಸ್ಸು ಹತ್ತಿ ರಾಕಿರಾಕಿಗೆ ಹೋದಳು. ಅಲ್ಲಿ ಪತಿರಾಜಿ ಎಂಬ ತೊಂಬತ್ತು ದಾಟಿದ ಮುದುಕಿ, ಹಲ್ಲಿಲ್ಲದಿದ್ದರೂ ಬಾಯಿ ಗಟ್ಟಿ.

"ನೀನು ಝಗರೂ ಮೊಮ್ಮಗಳಲ್ವೇನೇ? ನಿನ್ನ ಸೋದರತ್ತೆ ಮದುವೇಲಿ ದೀಪ ಹಿಡಿದವಳು ನಾನೇ. ನಿಮ್ಮಜ್ಜಿ ಸುಖನಿಗೆ ಇಮಲಿ ಮಾಡ್ಸೋವಾಗ ಆ ಮಂಗಲ್ ಗೊಳೋ ಅಂತ ಅತ್ತು, ನೀರೆಲ್ಲ ಅವಳ ಸೀರೆ ಮೇಲೆ ಚೆಲ್ಲಿದ್ದ!"

ಭಾಗಮತಿ ಚಹಾ ಕೆಳಗಿಟ್ಟಳು. "ಮಂಗಲ್ಲಾ? ಅವರು ನಮ್ಮಜ್ಜನ ಅಣ್ಣ ಅಲ್ವಾ ಆಜಿ?"

"ಥೂ, ಗಂಡನ ಅಣ್ಣ ಬಂದು ಇಮಲಿ ಮಾಡ್ತಾನೇನೇ? ಅವನ ಎದುರು ಹೆಂಗಸು ಮುಖ ತೋರಿಸ್ತಾಳಾ? ಸುಖನಿ ಅವನನ್ನ ಭೈಯಾ ಅಂತ ಬಾಯ್ತುಂಬ ಕರೀತಿದ್ಲು. ಸೆರಗೂ ಇಲ್ಲ, ಎಂಥದೂ ಇಲ್ಲ."

"ಹಾಗಾದ್ರೆ... ಅಜ್ಜಿಯ ಒಡಹುಟ್ಟಿದವರಾ?" ಅವರ ಜನರಲ್ಲಿ ಸೋದರಮಾವನ ಕಡೆಯವರನ್ನೂ ಮದುವೆಯಾಗುವಂತಿಲ್ಲ. ಒಂದು ನೆಂಟಸ್ತಿಕೆ ಬಿಡಿಸಿಕೊಂಡು ಇನ್ನೊಂದಕ್ಕೆ ಸಿಕ್ಕಿಕೊಂಡಂತಾಯಿತಲ್ಲ!

"ಎಲ್ಲಿಯ ಒಡಹುಟ್ಟು? ಅವನೂರು ಬಸ್ತಿ, ಅವಳೂರು ಗಯಾ. ಹಡಗಲ್ಲಿ ಜ್ವರದಲ್ಲಿ ಬಿದ್ದಿದ್ದವಳಿಗೆ ತನ್ನ ಪಾಲಿನ ನೀರು ಕುಡಿಸಿದ, ಇವಳು ಭೈಯಾ ಅಂದ್ಲು, ಅಷ್ಟೇ. ಇಳಿದ ಮೇಲೆ ಒಬ್ಬೊಬ್ರನ್ನ ಒಂದೊಂದು ತೋಟಕ್ಕೆ ಅಟ್ಟಿಬಿಡ್ತಾರೆ ಅಂತ ಹೆದರಿ ಮಂಗಲ್, ಅದೇ ಹಡಗಲ್ಲಿದ್ದ ನಿಮ್ಮಜ್ಜ ಇಬ್ರೂ ಸಾಹೇಬನ ಮುಂದೆ ನಾವು ಅಣ್ಣತಮ್ಮಂದಿರು ಅಂದುಬಿಟ್ರು. ಸಾಹೇಬ ನಂಬಿದ, ಸರಿ. ನಿಮ್ಮಪ್ಪನೂ ನಂಬ್ಕೊಂಡ್ನಾ?"

ಭಾಗಮತಿ ನಕ್ಕಳು, ಅತ್ತಳು, ಸಿಡ್ನಿಯವರ ವಿಷಯ ಕೇಳುವುದನ್ನೇ ಮರೆತು ಎದ್ದು ಬಂದಳು. ಒಂದೇ ಬಾಯಿಯ ಮಾತನ್ನು ಅವಳು ಯಾವತ್ತೂ ನಂಬಿದವಳಲ್ಲ. ಲೌಟೋಕಾಗೆ ಹೋಗಿ ಖೇಲಾವನನ ಮುದಿ ಸೋದರತ್ತೆಯನ್ನೂ ಕೇಳಿದಳು. ಅವಳೂ ಅದನ್ನೇ ಹೇಳಿದಳು. ಹೇಳಿ, "ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ," ಎಂದು ಅಡಿಕೆ ಮೆದ್ದಳು. ಸಿಟ್ಟು ಬಂದು ಏನು ಮಾಡುವುದು?

ಈಗ ಭಾಗಮತಿಗೆ ಪೀಕಲಾಟ. ಅರವತ್ತು ದಾಟಿದ ಮೇಲೆ ಇದನ್ನು ಯಾರಿಗೆ ಹೇಳುವುದು? ಜನ ಕೈತಟ್ಟಿ ನಗುವುದಿಲ್ಲವೇ? ಹೇಳದೆ ಸತ್ತರೆ ಮಾತ್ರ ತನ್ನ ಮನಸ್ಸೇ ತನ್ನನ್ನು ಕ್ಷಮಿಸದು. ಎರಡು ಅಂಗಿಗಳಿಗೆ ತೋಳನ್ನು ತಿರುಗುಮುರುಗು ಹೊಲಿದ ಮೇಲೆ ಅವಳು ಮಿಷನ್ ಬಿಟ್ಟು ಎದ್ದಳು.

ಭಾನುವಾರದ ಇಳಿಹೊತ್ತು. ಅಣ್ಣ ಶಿವದತ್ತನ ಮನೆಯ ಚಪ್ಪರದಲ್ಲಿ ಗಂಡಸರು ಯಂಗೋನಾ ಬೇರು ಕಲಸಿದ ಪಾನೀಯದ ಬೋಗುಣಿಯ ಸುತ್ತ ಕೂತಿದ್ದರು. ಖೇಲಾವನ್ ಆಗಷ್ಟೇ ಕರಟ ಬಾಯಿಗಿಟ್ಟಿದ್ದ.

"ಮಂಗಲ್ ನಮ್ಮಜ್ಜನ ಅಣ್ಣ ಅಲ್ಲ," ಎಂದಳು ಭಾಗಮತಿ, ನಿಂತಲ್ಲಿಂದಲೇ. "ರಕ್ತಸಂಬಂಧ ಇಲ್ಲವೇ ಇಲ್ಲ. ಖೇಲಾವನ್, ನೀವು ನನಗೆ ಏನೂ ಆಗ್ಬೇಕಿಲ್ಲ."

ಕರಟ ಹಾಗೇ ನಿಂತಿತು. "ಇನ್ನೊಂದ್ಸಲ ಹೇಳು," ಎಂದ ಅವನು.

ಅವಳು ಎಲ್ಲವನ್ನೂ ಹೇಳಿದಳು, ಮೊದಲಿನಿಂದ, ಪಕ್ಕದ ಮನೆಗೂ ಕೇಳುವ ಹಾಗೆ. ಶಿವದತ್ತನಿಗೆ ಮೂಗಿನ ತುದಿಯಲ್ಲೇ ಕೋಪ. "ಹಡಗಿನ ಅಣ್ಣನೂ ಅಣ್ಣನೇ! ಒಂದೇ ಹಡಗಲ್ಲಿ ಬಂದವರ ಮಕ್ಕಳು ಅಣ್ಣತಂಗಿಯರೇ!" ಎಂದು ಗುಡುಗಿದ.

"ಹೌದಾ ಭೈಯಾ? ಅತ್ತಿಗೆಯ ಅಜ್ಜ ಯಾವ ಹಡಗಲ್ಲಿ ಬಂದಿದ್ರು, ಹೇಳ್ಲಾ? ಅದೇ ಹಡಗು!"

ಚಪ್ಪರವೇ ಹಾರಿಹೋಗುವಂತೆ ಎಲ್ಲರೂ ನಕ್ಕರು. ಅಡುಗೆಮನೆಯಿಂದ ಅತ್ತಿಗೆ, "ಹಾಗಾದ್ರೆ ಇವತ್ತಿಂದ ರೊಟ್ಟಿ ನೀವೇ ತಟ್ಕೊಳ್ಳಿ ಅಣ್ಣಾ!" ಎಂದು ಕೂಗಿದಳು. ಶಿವದತ್ತ ತಲೆ ಕೆರೆದುಕೊಂಡ.

ಖೇಲಾವನ್ ಎದ್ದು, ಅಂಗಿಯ ಗುಂಡಿಗಳನ್ನೆಲ್ಲ ಹಾಕಿಕೊಂಡು, ಶಿವದತ್ತನ ಮುಂದೆ ಕೈಮುಗಿದು ನಿಂತ. "ಆವತ್ತು ನಿಮ್ಮಪ್ಪನ್ನ ಕೇಳಿದ್ದೆ. ಇವತ್ತು ನಿನ್ನ ಕೇಳ್ತಿದೀನಿ. ಭಾಗಮತಿನ ನನಗೆ ಕೊಡ್ತೀಯಾ?"

ಶಿವದತ್ತ ತಂಗಿಯ ಮುಖ ನೋಡಿದ. ಅವನ ಕಣ್ಣು ತುಂಬಿತ್ತು.

"ನನ್ನ ಯಾಕೋ ಕೇಳ್ತೀಯ, ದಡ್ಡ? ಆವತ್ತೂ ಅಪ್ಪನ್ನ ಕೇಳ್ದೆ. ಅವಳನ್ನ ಯಾರಾದ್ರೂ ಒಂದ್ಸಲ ಕೇಳಿದ್ರಾ?"

ಖೇಲಾವನ್ ಅವಳ ಕಡೆ ತಿರುಗಿದ. ಕೇಳಲು ಬಾಯಿ ತೆರೆದ.

"ಹೂಂ," ಎಂದಳು ಭಾಗಮತಿ. "ನೀವು ಕೇಳೋವರೆಗೂ ಕಾಯೋಕೆ ನನಗೆ ಪುರುಸೊತ್ತಿಲ್ಲ."