ಶಾ ಸಾಹೇಬರು ತೀರಿಕೊಂಡ ಸುದ್ದಿ

ಬಸವಕಲ್ಯಾಣದ ನಮ್ಮ ಮನೆಯಲ್ಲಿ ಸಂಗೀತದ ಪೀಠವೆಂದರೆ ಜೋಳದ ಹಿಟ್ಟಿನ ಡಬ್ಬಿ. ಅದರ ಮುಚ್ಚಳದ ಮೇಲೆ ಪೇರಲ ಹಣ್ಣಿನ ಗಾತ್ರದ ಒಂದು ಸ್ಪೀಕರ್ ಕೂತಿರುತ್ತದೆ. ಮಂದ್ರದ ಸ್ವರ ಬಂದಾಗಲೆಲ್ಲ ಮುಚ್ಚಳವೂ ತಾನೊಂದು ವಾದ್ಯವೆಂಬ ಭ್ರಮೆಯಲ್ಲಿ ಝುಂ ಎನ್ನುತ್ತದೆ. ಬೆಳಿಗ್ಗೆ ಆರಕ್ಕೆ ಅದರೆದುರು ನಿಂತು ನಾನು ರೊಟ್ಟಿ ಬಡಿಯುತ್ತೇನೆ, ಏಳೂವರೆಯ ಬಸ್ಸು ಹಿಡಿದು ಹುಮನಾಬಾದಿನ ಶಾಲೆಗೆ ಕನ್ನಡ ಕಲಿಸಲು ಹೋಗುತ್ತೇನೆ. ಇಷ್ಟರಲ್ಲಿ ವಿಶೇಷವೇನೂ ಇಲ್ಲ. ಆದರೆ ಆ ಡಬ್ಬಿಯ ಮೇಲಿನಿಂದ ಹಾಡುವವರು ನಾಲ್ಕು ನೂರು ವರ್ಷಗಳ ಹಿಂದಿನ ಜರ್ಮನಿಯವರು ಎಂದರೆ, ಓದುಗ ಮಿತ್ರರೇ, ನೀವು ನನ್ನನ್ನು ಸ್ವಲ್ಪ ದೂರದಿಂದ ನೋಡತೊಡಗುತ್ತೀರಿ. ನನ್ನ ಯಜಮಾನರು ಹಾಗೆ ನೋಡತೊಡಗಿ ಎರಡು ವರ್ಷವಾಯಿತು.

ತಪ್ಪು ನನ್ನದಲ್ಲ. ಹುಮನಾಬಾದಿನ ಒಂದು ಮೊಬೈಲ್ ಅಂಗಡಿಯಲ್ಲಿ ಮೆಮರಿ ಕಾರ್ಡು ಕೊಟ್ಟು, ಬೆಳಗಿನ ಹೊತ್ತು ಕೇಳಲು ದೇವರ ಹಾಡುಗಳನ್ನು ತುಂಬಿಕೊಡಿ ಎಂದಿದ್ದೆ. ಅಂಗಡಿಯವರು ತುಂಬಿಕೊಟ್ಟರು. ಭಾಷೆ ತಿಳಿಯಲಿಲ್ಲ, ರಾಗ ತಿಳಿಯಲಿಲ್ಲ, ಆದರೆ ಭಕ್ತಿ ಮಾತ್ರ ಸ್ಪಷ್ಟವಾಗಿತ್ತು. ಶರಣರ ಊರಿನಲ್ಲಿ ಹುಟ್ಟಿ ಬೆಳೆದವಳು ನಾನು. ಅನುಭಾವವೆಂದಮೇಲೆ ಒಂದಷ್ಟು ಅರ್ಥವಾಗದೆ ಉಳಿಯುವುದು ಸಹಜವೆಂದು ಚಿಕ್ಕಂದಿನಿಂದ ಕೇಳಿಕೊಂಡು ಬಂದಿದ್ದೇನೆ. ಹೀಗಾಗಿ ಇದು ವಚನಗಳನ್ನು ಹಾಡುವ ಯಾವುದೋ ಹೊಸ ಪದ್ಧತಿ ಇರಬೇಕೆಂದು ಇಪ್ಪತ್ತು ದಿನ ಕೈಮುಗಿದು ಕೇಳಿದೆ. ಕೊನೆಗೆ ಅನುಮಾನ ಬಂದು ಅಂಗಡಿಗೆ ಹೋಗಿ ವಿಚಾರಿಸಿದರೆ, ಆತ ಯಾವುದೋ ಗಿರಾಕಿಯ ಫೋನಿನ ಹಾಡುಗಳನ್ನು ಕೈತಪ್ಪಿ ಇದಕ್ಕೆ ಇಳಿಸಿಬಿಟ್ಟಿದ್ದ. ಆದರೂ ಅಳುಕಲಿಲ್ಲ.

“ಟೀಚರ್, ನೀವು ದೇವರ ಹಾಡ ಬೇಕಂದ್ರಿ. ಇವೂ ದೇವರವೇ ಅದಾವ್ರಿ. ಯಾವ ದೇವರು ಅಂತ ನೀವು ಹೇಳ್ಲಿಲ್ಲ” ಎಂದ. ಕನ್ನಡದ ಟೀಚರಾದ ನನಗೆ ಆ ವಾಕ್ಯದಲ್ಲಿ ತಿದ್ದುವಂಥದ್ದೇನೂ ಕಾಣಲಿಲ್ಲ. ಕಾರ್ಡು ಹಿಡಿದು ವಾಪಸು ಬಂದೆ.

ಹಾಡುಗಳ ಜೊತೆಗೆ ಬರೆದಿದ್ದ ಹೆಸರುಗಳನ್ನು ಫೋನಿನಲ್ಲಿ ಹುಡುಕಿದಾಗ ಗೊತ್ತಾಯಿತು: ಇವರು ಮುಖ್ಯವಾಗಿ ಮೂವರು. ಒಂದೊಂದು ವರ್ಷದ ಅಂತರದಲ್ಲಿ ಹುಟ್ಟಿದವರು, ಪರಸ್ಪರ ಬಲ್ಲವರು, ಮೂವರ ಮನೆತನದ ಹೆಸರೂ ‘ಶ’ಕಾರದಿಂದಲೇ ಶುರು. ಆ ಶಕಾರದ ಮುಂದಿನ ವ್ಯಂಜನಗಳ ಗುಂಪು ನನ್ನ ನಾಲಿಗೆಗೆ ಒಗ್ಗಲಿಲ್ಲ. ವಯಸ್ಸಿಗನುಗುಣವಾಗಿ ಅವರಿಗೆ ದೊಡ್ಡ ಶಾ, ನಡು ಶಾ, ಸಣ್ಣ ಶಾ ಎಂದು ನಾಮಕರಣ ಮಾಡಿದವರು ರಫಿಯಾ ಆಪಾ. ಆಪಾ, ಅಂದರೆ ಅಕ್ಕ, ನಮ್ಮ ಶಾಲೆಯಲ್ಲೇ ಉರ್ದು ಕಲಿಸಿ ನಿವೃತ್ತರಾದವರು, ಹುಮನಾಬಾದಿನವರು. ಅವರ ಯಜಮಾನರು ಇಸ್ಮಾಯಿಲ್ ಶಾ ಈ ಭಾಗದ ಬಸ್ಸುಗಳಲ್ಲಿ ಕಂಡಕ್ಟರಾಗಿದ್ದರು, ಈಗಿಲ್ಲ. ಶಾಲೆ ಬಿಟ್ಟ ಮೇಲೆ ವಾರಕ್ಕೆರಡು ಸಲ ನಾನು ಆಪಾನ ಮನೆಗೆ ಹೋಗಿ ಚಹಾ ಕುಡಿದು, ಇಬ್ಬರೂ ಕೂತು ಆ ಕಾರ್ಡು ಕೇಳಿ, ಆಮೇಲೆ ನಾನು ಬಸ್ಸು ಹತ್ತುವುದು ರೂಢಿಯಾಯಿತು. ನಮ್ಮ ಪೈಕಿಯವರೇ ಇದ್ದಂಗ ಅದಾರ ಎಂದು ಆಪಾ ಮೊದಲ ದಿನವೇ ಆ ಮೂವರನ್ನೂ ಮನೆಯೊಳಗೆ ಕರೆದುಕೊಂಡುಬಿಟ್ಟಿದ್ದರು.

ಆ ಸಂಗೀತ ಹೇಗಿರುತ್ತದೆಂದು ಕೇಳಿದರೆ ನಾನು ನಿಮ್ಮನ್ನು ನಮ್ಮ ಬಸ್ಸಿಗೇ ಕರೆದೊಯ್ಯಬೇಕು. ಮುಂದಿನ ಸೀಟಿನಲ್ಲಿ ಇಬ್ಬರು ಹೆಂಗಸರು ಮಾತಾಡುತ್ತಿರುತ್ತಾರೆ. ಒಬ್ಬಳು ತನ್ನ ಅಳಲನ್ನು ಹೇಳಿ ಮುಗಿಸುವ ಮೊದಲೇ ಇನ್ನೊಬ್ಬಳು ಅದೇ ಅಳಲನ್ನು ಸ್ವಲ್ಪ ಮೇಲಿನ ದನಿಯಲ್ಲಿ ಎತ್ತಿಕೊಳ್ಳುತ್ತಾಳೆ. ಇಬ್ಬರೂ ಎಲ್ಲೋ ಒಂದೆಡೆ ಸೇರಿ, ಹೌದ್ರಿ ಎಂದು ನಿಟ್ಟುಸಿರು ಬಿಟ್ಟು, ಮತ್ತೆ ಬೇರೆಯಾಗುತ್ತಾರೆ. ಈ ಎಲ್ಲದರ ಕೆಳಗೆ, ಯಾರ ಸುಖದುಃಖಕ್ಕೂ ನಿಲ್ಲದ ಇಂಜಿನ್ನಿನ ಗುಂಗು. ದೊಡ್ಡ ಶಾ ಬರೆದದ್ದು ಹೆಚ್ಚುಕಡಿಮೆ ಹಾಗೆ. ಅವರ ಕಾಲದಲ್ಲಿ ಮೂವತ್ತು ವರ್ಷ ಎಡೆಬಿಡದೆ ಯುದ್ಧ ನಡೆದು ಹಾಡುವವರೇ ಉಳಿಯದಾದಾಗ, ಉಳಿದ ಒಂದೆರಡು ಕಂಠಗಳಿಗೆ ಸಾಲುವಷ್ಟೇ ಬರೆದರಂತೆ. ನಡು ಶಾ ಹುಡುಗರ ಕುಡಿತದ ಹಾಡುಗಳನ್ನೂ ಕುಣಿತದ ಮಟ್ಟುಗಳನ್ನೂ ಕಟ್ಟಿದ ಕೈಯಿಂದಲೇ ತಮ್ಮ ಮಕ್ಕಳ ಸಾವಿಗೂ ಹಾಡು ಕಟ್ಟಿದವರು. ಸಣ್ಣ ಶಾ ಪ್ರಾರ್ಥನೆಯ ಒಂದೇ ಮಟ್ಟನ್ನು ಹಿಡಿದು ಚರ್ಚಿನ ಆರ್ಗನ್ ವಾದ್ಯದ ಮೇಲೆ ಅದಕ್ಕೆ ಒಂದಾದಮೇಲೊಂದು ಉಡುಪು ತೊಡಿಸುತ್ತಾರೆ. ಹುಮನಾಬಾದಿನ ಪಕ್ಕದ ಮಾಣಿಕನಗರದ ದೇವಸ್ಥಾನದಲ್ಲಿ ಗಾಯಕರೊಬ್ಬರು ಒಂದೇ ಸಾಲನ್ನು ತಾಸುಗಟ್ಟಲೆ ತಿರುವಿ ತಿರುವಿ ಹಾಡಿದಾಗ ಮುದುಕರು ಹೇಗೆ ತಲೆ ತೂಗುತ್ತಾರೋ, ಆಪಾ ಹಾಗೆ ತೂಗುತ್ತಿದ್ದರು.

ಇವರ ಬಗ್ಗೆ ಓದುವಾಗೆಲ್ಲ ನನಗೊಂದು ಸಿಟ್ಟು. ಇವರಿಗಿಂತ ನೂರು ವರ್ಷ ಆಮೇಲೆ ಹುಟ್ಟಿದ, ಜಗತ್ತೇ ಬಲ್ಲ ಇನ್ನೊಬ್ಬ ಜರ್ಮನ್ ಸಂಗೀತಗಾರರಿದ್ದಾರೆ; ಎಲ್ಲರೂ ಇವರನ್ನು ಆ ಮಹಾನುಭಾವನ ಕಡೆಗೆ ಹೋಗುವ ದಾರಿ ಎಂದಷ್ಟೇ ಬರೆಯುತ್ತಾರೆ. ಹುಮನಾಬಾದಿನ ಪಾಡೂ ಇದೇ. ದೂರದವರಿಗೆ ಇದು ಬಸ್ಸು ಹತ್ತು ನಿಮಿಷ ನಿಲ್ಲುವ, ಚಹಾ ಕುಡಿದು ಕಾಲು ಸಡಿಲಿಸುವ ಜಾಗ. ಆ ಹತ್ತು ನಿಮಿಷದಾಚೆಗೂ ಇಲ್ಲಿ ಜನ ಹುಟ್ಟಿ, ಮದುವೆಯಾಗಿ, ಮುನಿಸಿಕೊಂಡು, ಸಾಯುತ್ತಾರೆಂಬುದು ಕಿಟಕಿಯಿಂದ ಕಾಣುವುದಿಲ್ಲ.

ಈ ಸಿಟ್ಟಿನಲ್ಲೇ ಒಂದು ದಿನ ನಾವಿಬ್ಬರೂ ಸಣ್ಣ ಶಾ ಅವರ ಸ್ಮರಣೆ ಮಾಡುವುದೆಂದು ತೀರ್ಮಾನಿಸಿದೆವು. ಊರಿನಲ್ಲಿ ಎಲ್ಲರಿಗೂ ಸ್ಮರಣೆಯ ದಿನ ಇದೆ, ಇವರಿಗೇಕೆ ಬೇಡ? ರವಿವಾರ ನಾಲ್ಕಕ್ಕೆ ಆಪಾನ ಮನೆಯಲ್ಲಿ ಐದಾರು ಜನರನ್ನು ಕೂಡಿಸಿ, ಮಿರ್ಚಿ ಭಜಿ ಕೊಟ್ಟು ಹಾಡು ಕೇಳಿಸುವುದು. ಫ್ಲೆಕ್ಸ್ ಬರೆಸುವ ಕೆಲಸ ನನ್ನ ಪಾಲಿಗೆ ಬಂತು. ನನ್ನ ಹಳೆಯ ವಿದ್ಯಾರ್ಥಿ ವೈಜನಾಥ ಹುಮನಾಬಾದಿನಲ್ಲಿ ಫ್ಲೆಕ್ಸ್ ಅಂಗಡಿ ಇಟ್ಟಿದ್ದಾನೆ, ಈಗ ಎರಡು ಮಕ್ಕಳ ತಂದೆ. ಅವನಿಗೆ ಸಣ್ಣ ಶಾ ಅವರ ಹಳೆಯ ಚಿತ್ರ ಕಳಿಸಿ, ಕೆಳಗೆ ‘ಸಣ್ಣ ಶಾ ಸ್ಮರಣೆ, ಸಂಗೀತ ಶ್ರವಣ, ರವಿವಾರ ನಾಲ್ಕು ಗಂಟೆ, ರಫಿಯಾ ಟೀಚರ್ ಮನೆ, ಸರ್ವರಿಗೂ ಸ್ವಾಗತ’ ಎಂದು ಬರೆಯಲು ಹೇಳಿದೆ.

ವೈಜನಾಥ ಶಾಲೆಯಲ್ಲಿದ್ದಾಗಲೂ ಹೀಗೆಯೇ. ಕೊಟ್ಟದ್ದನ್ನು ಬರೆಯುವ ಬದಲು ಅದನ್ನು ಉದ್ಧಾರ ಮಾಡುತ್ತಿದ್ದ. ಚಿತ್ರದಲ್ಲಿದ್ದ ಗಡ್ಡ, ಗಂಭೀರ ಮುಖ, ಕೊರಳ ಸುತ್ತ ನೆರಿಗೆ ಹೊಯ್ದ ಬಿಳಿ ಬಟ್ಟೆ ನೋಡಿದೊಡನೆ ಇವರು ತೀರಿಕೊಂಡವರೆಂದು ಅವನಿಗೆ ಖಾತ್ರಿಯಾಯಿತು. ಅದು ಸರಿಯೇ. ತೀರಿಕೊಂಡ ಹಿರಿಯರನ್ನು ‘ಸಣ್ಣ’ ಎನ್ನುವುದು ಮರ್ಯಾದೆಯಲ್ಲವೆಂದು ಅದನ್ನು ತೆಗೆದು ‘ಸಾಹೇಬರು’ ಸೇರಿಸಿದ. ಸಾವಿನ ಮನೆಯಲ್ಲಿ ಸಂಗೀತವೆಂಥದೆಂದು ಅದನ್ನು ತೆಗೆದ. ಸ್ವಾಗತವಂತೂ ಅಪಶಕುನವೆಂದು ಅದನ್ನೂ ತೆಗೆದ. ಉಳಿದ ಜಾಗದಲ್ಲಿ ಎರಡೂ ಬದಿಗೆ ಉರಿಯುವ ದೀಪ, ಕೆಳಗೆ ಗುಲಾಬಿ, ಮೇಲೆ ದೊಡ್ಡಕ್ಷರದಲ್ಲಿ ‘ಭಾವಪೂರ್ಣ ಶ್ರದ್ಧಾಂಜಲಿ’. ಶನಿವಾರವೇ ಅದನ್ನು ಬಸ್ ನಿಲ್ದಾಣದೆದುರು ಕಟ್ಟಿಸಿ, ಹೆಂಡತಿಯ ತವರಿಗೆ ಹೋಗಿಬಿಟ್ಟ.

ನಾನದನ್ನು ನೋಡಿದ್ದು ರವಿವಾರ ಮೂರೂವರೆಗೆ, ಬಸ್ಸಿನ ಕಿಟಕಿಯಿಂದ. ಆಟೋ ಹಿಡಿದು ಆಪಾನ ಮನೆ ಮುಟ್ಟುವಷ್ಟರಲ್ಲಿ ಬಾಗಿಲಲ್ಲಿ ಚಪ್ಪಲಿಗಳ ರಾಶಿ. ಅಂಗಳದಲ್ಲಿ ಗಂಡಸರು ತಲೆ ತಗ್ಗಿಸಿ ಕೂತಿದ್ದರು. ಒಳಗೆ ಹೆಂಗಸರು ಆಪಾನನ್ನು ನಡುವೆ ಕೂಡಿಸಿಕೊಂಡು ಕೈ ಸವರುತ್ತಿದ್ದರು. ಸಾವಿನ ಮನೆಯಲ್ಲಿ ಒಲೆ ಹಚ್ಚಬಾರದೆಂದು ಅಕ್ಕಪಕ್ಕದವರು ತಂದ ಖಿಚಡಿ, ಝುಣಕ, ರೊಟ್ಟಿಗಳ ಪಾತ್ರೆ ಅಡುಗೆಮನೆಯ ಕಟ್ಟೆಯ ತುಂಬ. ನಡುವೆ ನಮ್ಮ ಮಿರ್ಚಿ ಭಜಿ ಅಪರಾಧಿಯಂತೆ ಒಂದು ಮೂಲೆಯಲ್ಲಿ ತಣ್ಣಗಾಗುತ್ತಿತ್ತು. ಓಣಿಯವರು ಇದು ಆಪಾನ ಗಂಡನ ಕಡೆಯ ಯಾರೋ ಹಿರಿಯರ ಸಾವೆಂದು ತಿಳಿದು ಬಂದಿದ್ದರು. ಆಪಾ ಮೊದಮೊದಲು ಹೇಳಲು ಹೋದರಂತೆ. ಆದರೆ ‘ಏನೂ ಆಗಿಲ್ಲರಿ’ ಎಂದಷ್ಟೂ ಜನ ಅದನ್ನು ದುಃಖದ ಮಾತೆಂದೇ ತಿಳಿದು ಇನ್ನಷ್ಟು ಬಿಗಿಯಾಗಿ ಕೈ ಹಿಡಿದರಂತೆ.

ಅಂಗಳದಲ್ಲಿ ಪಕ್ಕದ ಹುಡಗಿ ಗ್ರಾಮದಿಂದ ಬಂದಿದ್ದ ಶಿವರಾಯಪ್ಪನೆಂಬ ಮುದುಕರು ದೊಡ್ಡ ರುಮಾಲು ಸುತ್ತಿಕೊಂಡು ಕೂತಿದ್ದರು. ಶಾ ಸಾಹೇಬರಂಥ ಮನುಷ್ಯ ಇನ್ನು ಹುಟ್ಟುವುದಿಲ್ಲವೆಂದು ಅವರು ಎಲ್ಲರಿಗೂ ಹೇಳುತ್ತಿದ್ದರು. ಕಣ್ಣು ಕಾಣದ ಈ ಮುದುಕರ ತಾಯಿಗಾಗಿ ಕಂಡಕ್ಟರ್ ಸಾಹೇಬರು ನಿಲ್ದಾಣವಲ್ಲದ ಕಡೆ, ಒಂದು ಬೇವಿನ ಗಿಡದ ಕೆಳಗೆ, ಪ್ರತಿ ಸಲ ಬಸ್ಸು ನಿಲ್ಲಿಸುತ್ತಿದ್ದರಂತೆ. ಕೈ ಹಿಡಿದು ಇಳಿಸಿ, ಮುಖ ಊರ ಕಡೆ ತಿರುಗಿಸಿ, ಆಮೇಲೆ ಸೀಟಿ ಊದುತ್ತಿದ್ದರಂತೆ. ಅಮೂಲ್ಯವಾದ ಈ ನೆನಪು ಜರ್ಮನಿಯ ಒಬ್ಬ ಆರ್ಗನ್ ವಾದಕನ ಹೆಸರಿಗೆ ಜಮಾ ಆಗುತ್ತಿರುವುದನ್ನು ನಾನು ನೋಡುತ್ತ ನಿಂತೆ. ಫ್ಲೆಕ್ಸಿನ ಮುಖ ಬೇರೆಯಾಗಿ ಕಾಣಲಿಲ್ಲವೇ ಎಂದು ಯಾರೋ ಕೇಳಿದ್ದಕ್ಕೆ, ರಿಟೈರಾದ ಮೇಲೆ ಗಡ್ಡ ಬಿಟ್ಟಿರಬೇಕು ಎಂದರು.

ನಾನು ಟೀಚರ್. ತಪ್ಪು ಕಂಡಲ್ಲಿ ಕೆಂಪು ಶಾಯಿ ಹಚ್ಚದಿದ್ದರೆ ಕೈ ತುರಿಸುತ್ತದೆ. ಒಳಗಿನವರಿಗೂ ಹೊರಗಿನವರಿಗೂ ಕೇಳುವಂತೆ ಹೊಸ್ತಿಲ ಮೇಲೆ ನಿಂತು, ಆದದ್ದನ್ನೆಲ್ಲ ಹೇಳಿದೆ. ಫ್ಲೆಕ್ಸಿನಲ್ಲಿರುವವರು ನಮ್ಮವರಲ್ಲ, ಜರ್ಮನಿಯವರು, ಹಾಡು ಬರೆಯುತ್ತಿದ್ದವರು, ತೀರಿಕೊಂಡು ಮುನ್ನೂರೈವತ್ತು ವರ್ಷದ ಮೇಲಾಯಿತು. ಎಷ್ಟು ವರ್ಷ ಅಂದ್ರಿ ಎಂದು ಶಿವರಾಯಪ್ಪ ಮತ್ತೊಮ್ಮೆ ಕೇಳಿದರು. ಮತ್ತೊಮ್ಮೆ ಹೇಳಿದೆ. ಅವರು ರುಮಾಲು ಸರಿಮಾಡಿಕೊಂಡರು.

“ಇರ್ಲಿ ಬಿಡ್ರಿ ಟೀಚರ್,” ಎಂದರು. “ನಮಗ ಸುದ್ದಿ ಈಗ ಮುಟ್ಟೇದ.”

ದೂರದ ಸಾವಿನ ಸುದ್ದಿ ತಡವಾಗಿ ಬಂದರೆ, ಬಂದ ದಿನದಿಂದಲೇ ಸೂತಕ ಹಿಡಿಯುವ ಮನೆಗಳು ನಮ್ಮಲ್ಲಿವೆ. ಅದನ್ನು ಬಲ್ಲ ಹಿರಿಯರು ಕೆಲವರು ತಲೆಯಾಡಿಸಿದರು, ಯಾರೂ ಏಳಲಿಲ್ಲ. ಆಪಾನ ಪಕ್ಕದ ಮನೆಯ ಮಹಾದೇವಿ, ಅವರಿಗೆ ಮಕ್ಕಳೆಷ್ಟು ಎಂದು ಕೇಳಿದಳು. ನಾನು ಓದಿದ್ದನ್ನು ಹೇಳಿದೆ: ಉಳಿದಿದ್ದ ನಾಲ್ಕೂ ಮಕ್ಕಳು ಪ್ಲೇಗು ಬಂದು ಒಂದೇ ತಿಂಗಳಲ್ಲಿ ಹೋದವು. ಹೆಂಗಸರು ಸೆರಗನ್ನು ಬಾಯಿಗೆ ಒತ್ತಿಕೊಂಡರು. ಮಣ್ಣು ಮಾಡುವಾಗ ಯಾರು ಬಂದಿದ್ದರು ಎಂದು ಮಹಾದೇವಿ ಮತ್ತೆ ಕೇಳಿದಳು. ಅದು ಯಾವ ಪುಸ್ತಕದಲ್ಲೂ ನನಗೆ ಸಿಕ್ಕಿರಲಿಲ್ಲ.

ಆಗ ಹೊರಗಿನಿಂದ ಶಿವರಾಯಪ್ಪನವರ ದನಿ ಕೇಳಿತು. ಆ ದನಿಯಲ್ಲಿ ದೊಡ್ಡ ನಿರಾಳವಿತ್ತು. “ಹಂಗಾದ್ರ ನಮ್ಮ ಕಂಡಕ್ಟರ್ ಸಾಹೇಬರು ಆರಾಮ ಅದಾರ ಅನ್ರಿ. ಎಲ್ಲಿ ಹೋಗ್ಯಾರ? ಭೆಟ್ಟಿ ಆಗೇ ಹೋಗ್ತೀನಿ.”

ನಾನು ಆಪಾನ ಮುಖ ನೋಡಲಾರದೆ ನೆಲ ನೋಡಿದೆ. ಆಪಾ ಎದ್ದು ಬಾಗಿಲಿಗೆ ಬಂದರು.

“ಇಲ್ಲರಿ ಕಾಕಾ. ಅವರು ಕೊರೊನಾದಾಗೇ ಹೋದ್ರು. ಪರಊರ ದವಾಖಾನ್ಯಾಗ. ಆವಾಗ ಯಾರಿಗೂ ಬರಗೊಡ್ಲಿಲ್ಲ. ನನಗೂ.”

ಆಪಾನ ಜೊತೆ ಅಷ್ಟು ವರ್ಷ ಶಾಲೆಯ ಒಂದೇ ಕೋಣೆಯಲ್ಲಿ ಕೂತವಳು ನಾನು. ಅವರ ಯಜಮಾನರು ಹೋದಾಗ ಫೋನಿನಲ್ಲಿ ನಾಲ್ಕು ಮಾತಾಡಿದ್ದೆ. ಬಸ್ಸುಗಳು ಶುರುವಾಗಿ ನಾನು ಹುಮನಾಬಾದಿಗೆ ಬರುವ ಹೊತ್ತಿಗೆ ಮೂರು ತಿಂಗಳು ಕಳೆದಿದ್ದವು. ತಡವಾಗಿ ಎತ್ತಿದರೆ ಗಾಯ ಕೆದರಿದಂತಾದೀತೆಂದು ನಾನೂ ಎತ್ತಲಿಲ್ಲ, ಆಪಾನೂ ಎತ್ತಲಿಲ್ಲ. ನಾನದನ್ನು ಸೂಕ್ಷ್ಮತೆ ಎಂದುಕೊಂಡಿದ್ದೆ.

ಶಿವರಾಯಪ್ಪ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡರು. ತಾಯಿಯ ಮಾತನ್ನು, ಬೇವಿನ ಗಿಡದ ಮಾತನ್ನು ಮತ್ತೆ ಮೊದಲಿನಿಂದ ಹೇಳಿದರು, ಈ ಸಲ ಆಪಾನಿಗೆ. ಆಮೇಲೆ ಮನ್ನಾಎಖೇಳ್ಳಿ ಊರಿನ ಒಬ್ಬ ಬಳೆಗಾರ್ತಿ, ತನ್ನ ಬಳೆಯ ಬುಟ್ಟಿಯನ್ನು ಸಾಹೇಬರು ತಮ್ಮ ಸೀಟಿನ ಮೇಲಿಟ್ಟು ತಾವು ನಿಂತುಕೊಂಡೇ ಬರುತ್ತಿದ್ದರೆಂದಳು. ಇನ್ನೊಬ್ಬರು ಅವರ ಸಿಟ್ಟನ್ನು ನೆನೆದರು: ಬಸ್ಸಿನಲ್ಲಿ ಎಲೆಯಡಿಕೆ ಉಗಿದವನ ಕೈಗೇ ಅರಿವೆ ಕೊಟ್ಟು ಒರೆಸಲು ಹಚ್ಚಿದ್ದರಂತೆ. ಆಪಾ ನಕ್ಕರು, ಮನೆಯಾಗೂ ಹಂಗೇ ಇದ್ರು ಎಂದರು, ಆಮೇಲೆ ಅತ್ತರು. ಮಹಾದೇವಿ ಅವರ ತಲೆಯನ್ನು ತನ್ನ ಹೆಗಲಿಗೆ ಒರಗಿಸಿಕೊಂಡಳು.

ಸಂಜೆಯಾಗುತ್ತಿದ್ದಂತೆ ಆಪಾನೇ ಕಣ್ಣೊರೆಸಿಕೊಂಡು, ಕರೆದ ಮೇಲೆ ಸಣ್ಣ ಶಾ ಅವರದೂ ಕೇಳಬೇಕಲ್ಲ ಎಂದು ನಾನು ತಂದಿದ್ದ ಸ್ಪೀಕರಿನ ಕಡೆ ಕೈ ಮಾಡಿದರು. ಸಾವಿನ ಮಾತಾಡುವಲ್ಲಿ ಹಾಡು ಹೇಗೆಂದು ಒಬ್ಬರು ಅನುಮಾನಿಸಿದ್ದಕ್ಕೆ, ಅದು ಅವರ ದುಆ, ಪ್ರಾರ್ಥನಾ ಅಂತ ತಿಳ್ಕೋರಿ ಎಂದರು. ಸಣ್ಣ ಶಾ ಅವರ ಆರ್ಗನ್ ಮೆಲ್ಲಗೆ ಶುರುವಾಯಿತು. ಮೊದಲು ಆ ಸಾದಾ ಮಟ್ಟು, ಆಮೇಲೆ ಅದೇ ಮಟ್ಟು ಇನ್ನೊಂದು ಉಡುಪಿನಲ್ಲಿ, ಆಮೇಲೆ ಮತ್ತೊಂದರಲ್ಲಿ. ಪ್ರತಿ ಉಡುಪು ಕಳಚಿದಾಗ ಒಂದು ಕ್ಷಣ ಮೌನ ಬರುತ್ತಿತ್ತು. ಮುಗಿಯಿತೆಂದು ತಿಳಿದು ಯಾರಾದರೂ ಇಸ್ಮಾಯಿಲ್ ಸಾಹೇಬರ ಇನ್ನೊಂದು ಮಾತು ತೆಗೆಯುವರು. ಅಷ್ಟರಲ್ಲಿ ಸಂಗೀತ ಮತ್ತೆ ಎದ್ದು ಅವರ ಮಾತಿನ ಕೆಳಗೆ ನಡೆಯತೊಡಗುವುದು. ಇದಕ್ಕಿಂತ ಒಳ್ಳೆಯ ಕಛೇರಿಯನ್ನು ನಾನು ಕೇಳಿಲ್ಲ.

ಮುಂದಿನ ರವಿವಾರ ಆ ಪಾತ್ರೆಗಳನ್ನೆಲ್ಲ ತೊಳೆದು ಮನೆಮನೆಗೆ ಮುಟ್ಟಿಸಲು ಆಪಾನಿಗೆ ನೆರವಾಗಲೆಂದು ಹೋದೆ. ಬರಿ ಪಾತ್ರೆ ಕೊಡಬಾರದೆಂದು ಒಂದೊಂದರಲ್ಲೂ ಒಂದು ಹಿಡಿ ಸಕ್ಕರೆ ಹಾಕಿ ಹಂಚಿಬಂದೆವು. ಚಹಾ ಕುಡಿದು ನಾವಿಬ್ಬರೇ ಕೂತು ಕಾರ್ಡು ಹಚ್ಚುವಷ್ಟರಲ್ಲಿ ಬಾಗಿಲು ಸಪ್ಪಳವಾಯಿತು. ಮಹಾದೇವಿ ನಿಂತಿದ್ದಳು. ಕೈಯಲ್ಲಿ ಮುಚ್ಚಿದ ಬಿಸಿ ಪಾತ್ರೆ, ಹಿಂದೆ ಓಣಿಯ ಇನ್ನಿಬ್ಬರು ಹೆಂಗಸರು. ಚಪ್ಪಲಿ ಬಿಟ್ಟು, ಸೆರಗು ಸರಿಮಾಡಿಕೊಂಡು, ತಗ್ಗಿದ ದನಿಯಲ್ಲಿ ಕೇಳಿದಳು:

“ಈ ವಾರ ಯಾರು ತೀರಿಕೊಂಡಾರ್ರಿ, ಆಪಾ?”

ಆಪಾ ನನ್ನ ಕಡೆ ಒಮ್ಮೆ ನೋಡಿದರು. ಆಮೇಲೆ ಎದ್ದು ಜಮಖಾನೆ ಹಾಸಿದರು.

“ಅವರ ದೋಸ್ತರು. ನಡು ಶಾ ಅಂತ,” ಎಂದರು. “ಬರ್ರಿ, ಕೂಡ್ರಿ.”