ಬಲ ಅಂಗಾಲು

ನಾನು ಕಾಲು ಮುಂದಾಗಿ ಹುಟ್ಟಿದವನು. ಅಂಥವರ ಕಾಲು ತಾಗಿದರೆ ಉಳುಕು ಬಿಡುತ್ತದೆಂದು ನಮ್ಮ ಕಡೆ ನಂಬಿಕೆ. ಚಿಕ್ಕಂದಿನಲ್ಲಿ ಕಂಪ್ಲಿಯ ನಮ್ಮ ಓಣಿಯಲ್ಲಿ ಯಾರ ಸೊಂಟ ಹಿಡಿದರೂ ನನ್ನನ್ನು ಎತ್ತಿಕೊಂಡು ಹೋಗಿ ಅವರ ಬೆನ್ನ ಮೇಲೆ ನಿಲ್ಲಿಸುತ್ತಿದ್ದರು. ವಿಶ್ವವಿದ್ಯಾಲಯ ಸೇರಿದ ಮೇಲೆ ಅದನ್ನು ಬಿಟ್ಟೆ. ಬಿಟ್ಟೆನೆಂದೇ ತಿಳಿದಿದ್ದೇನೆ.

ಅಕ್ಕ ಜ್ವರ ಬಂದು ವಾರಗಟ್ಟಲೆ ಮಲಗಿ ಎದ್ದ ಮೇಲೆ ಅವಳ ಎಡಗಾಲು ಊದಿಕೊಂಡಿತು. ಮೀನಖಂಡ ಬಿಗಿದು ಹೊಳೆಯುತ್ತಿತ್ತು. ಅವಳು ನೋವು ಅನ್ನಲಿಲ್ಲ. ಮೊಣಕಾಲ ಹಿಂದೆ ಯಾರೋ ಕೈಹಾಕಿ ಹಿಡಿದಿದ್ದಾರೆ, ಬೆರಳು ಎಣಿಸಬಹುದು ಎಂದಳು. ಹೇಳುವಾಗ ದನಿ ತಗ್ಗಿಸಿದಳು, ಹಿಡಿದವರಿಗೆ ಕೇಳಬಾರದೆಂಬಂತೆ.

ಬಸ್‌ಸ್ಟ್ಯಾಂಡಿನ ಹತ್ತಿರದ ಕ್ಲಿನಿಕ್ಕಿನಲ್ಲಿ ಡಾಕ್ಟರು ಕಾಲನ್ನು ಮುಟ್ಟಿ ನೋಡಿ, ಬಿಸಿ ಇದೆ, ತಿಕ್ಕಬೇಡಿ, ಒತ್ತಬೇಡಿ ಎಂದರು. ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಅದರ ತುಣುಕು ಕಿತ್ತು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಅಕ್ಕನ ಬೆರಳು ಚುಚ್ಚಿ, ಒಂದು ಹನಿಯನ್ನು ಸಣ್ಣ ಪ್ಲಾಸ್ಟಿಕ್ ಪಟ್ಟಿಯ ಗುಳಿಯೊಳಕ್ಕೆ ಬಿಟ್ಟರು. ಒಂದೇ ಗೆರೆ ಬಂದರೆ ಸಂಶಯ ಕಡಿಮೆ, ಎರಡು ಬಂದರೆ ಕೂಡಲೇ ಹೊಸಪೇಟೆಗೆ ಹೋಗಿ ಸ್ಕ್ಯಾನ್ ಆಗಬೇಕು. ಪಟ್ಟಿಯನ್ನು ಹಾಸಿಗೆಯ ಪಕ್ಕದ ಸ್ಟೂಲಿನ ಮೇಲಿಟ್ಟು ಅವರು ಆಚೆಯ ರೋಗಿಯ ಕಡೆ ಹೋದರು.

ಪರದೆಯೊಳಗೆ ನಾವಿಬ್ಬರೇ.

"ತಮ್ಮಾ, ನಿನ್ನ ಕಾಲು ಒಂಚೂರು ತಾಗಿಸಪ."

ಡಾಕ್ಟರು ಹೇಳಿದ್ದು ಕೇಳಿಸಲಿಲ್ಲವೇ ಎಂದೆ.

"ಒತ್ತಬ್ಯಾಡ ಅಂದಾರ. ಮುಟ್ಟಬ್ಯಾಡ ಅಂದಿಲ್ಲ. ಓದಿದ ಕಾಲು, ಮೈಲಿಗಿ ಆಕ್ಕೈತೇನು?"

ನಾನು ಕದಲಲಿಲ್ಲ. ಪಟ್ಟಿಯನ್ನೇ ನೋಡುತ್ತಿದ್ದೆ. ಮೊದಲ ಗೆರೆ ಬಂತು. ಪಕ್ಕದ ಬಿಳಿ ಜಾಗದಲ್ಲಿ, ಸುಣ್ಣದ ಗೋಡೆಗೆ ತೇವ ಏರುವ ಹಾಗೆ, ಇನ್ನೊಂದು ಮೂಡತೊಡಗಿತು. ಅದೇ ಹೊತ್ತಿಗೆ ಅಕ್ಕ ಉಸಿರು ಚೆಲ್ಲಿ ಅಂದಳು: "ಬಿಟ್ರು."

ತುಣುಕೇ ಕಿತ್ತು ಹೊರಟಿತೆಂದು ಡಾಕ್ಟರನ್ನು ಕೂಗಿದೆ. ಡಾಕ್ಟರು ಬಂದು ಇಂಜೆಕ್ಷನ್ ಕೊಟ್ಟು ಆಂಬುಲೆನ್ಸ್ ಹತ್ತಿಸಿದರು. ಹೊಸಪೇಟೆಯವರೆಗೂ ಅವಳ ಎದೆ ಏರಿಳಿಯುವುದನ್ನೇ ನೋಡುತ್ತ ಕೂತೆ. ಅವಳು ಮಾತ್ರ ಬಹಳ ದಿನದ ಮೇಲೆ ನಿದ್ದೆ ಸಿಕ್ಕವಳಂತೆ ಮಲಗಿದ್ದಳು. ಸ್ಕ್ಯಾನಿನಲ್ಲಿ ಹೆಪ್ಪು ಮೊಣಕಾಲ ಹಿಂದೆಯೇ ಇತ್ತು, ಅವಳು ತೋರಿಸಿದ ಜಾಗದಲ್ಲೇ. ತಿಂಗಳುಗಟ್ಟಲೆ ಮಾತ್ರೆ ನುಂಗಿ ಉಳಿದಳು.

ಈಗ ಮನೆಗೆ ಬಂದವರಿಗೆಲ್ಲ ಅವಳು ಹೇಳುವ ಕಥೆ ಬೇರೆ: ಗೆರೆ ಮೂಡುವಾಗ ನಾನು ಚಪ್ಪಲಿ ಬಿಟ್ಟು, ಕಾಲೆತ್ತಿ ಅವಳ ಮೀನಖಂಡಕ್ಕೆ ತಾಗಿಸಿದೆನಂತೆ. ಹೆಪ್ಪು ಅಲ್ಲೇ ಇತ್ತಲ್ಲ, ಮತ್ತೆ ಬಿಟ್ಟಿದ್ದೇನು ಎಂದು ಒಮ್ಮೆ ಕೇಳಿದೆ.

"ಹೆಪ್ಪು ಇತ್ತಪ. ಹಿಡಕೊಂಡಿದ್ದವ್ರು ಹ್ವಾದ್ರು."

ನಾನು ಮುಟ್ಟಲಿಲ್ಲ. ಆದರೆ ಆ ಪರದೆ ನೆನಪಾದಾಗಲೆಲ್ಲ ಬಲ ಅಂಗಾಲಿಗೆ ಬಿಸಿ ತಾಗುತ್ತದೆ. ಡಾಕ್ಟರು ಬಿಸಿ ಎಂದದ್ದನ್ನು ಕೇಳಿ ಮನಸ್ಸು ಕಟ್ಟಿಕೊಂಡದ್ದಿರಬೇಕು. ಬಿಸಿಯ ಜೊತೆಗೆ ಬಿಗಿದ ಚರ್ಮದ ನುಣುಪೂ ತಾಗುತ್ತದೆ. ನುಣುಪಿನ ಮಾತನ್ನು ಅವರು ಆಡಿರಲಿಲ್ಲ.