ಸೇತುವೆಯ ಮೇಲೆ ಸೋತ ಅಕ್ಕೋರು

ಸುಲೋಚನಾ ಅಕ್ಕೋರು ವಾದಕ್ಕಿಳಿಯುವ ಮೊದಲು ಚಪ್ಪಲಿ ಬಿಡುತ್ತಿದ್ದರು. ಓಡುವ ಕ್ರೂಸರ್ ಗಾಡಿಯ ಮುಂದಿನ ಸೀಟಿನಲ್ಲಿ, ಊಟಕ್ಕೆ ಕೂತವರಂತೆ ಎರಡೂ ಕಾಲು ಮೇಲೆ ಮಡಚಿ, ನೆರಿಗೆಯನ್ನು ಮೊಣಕಾಲ ಕೆಳಗೆ ಸಿಕ್ಕಿಸಿ ನಮ್ಮ ಕಡೆ ತಿರುಗಿದರೆಂದರೆ, ಹಿಂದೆ ಕೂತವರು ಮಾತು ನಿಲ್ಲಿಸಿ ಕಿವಿ ಕೊಡುತ್ತಿದ್ದರು. ಸೀರೆಯ ಮೇಲೆ ನೀಲಿ ಟ್ರ್ಯಾಕ್ ಜಾಕೆಟ್ಟು, ಕೊರಳಲ್ಲಿ ತಾಳಿಯ ಜೊತೆಗೇ ತೂಗುವ ಸೀಟಿ. ನಮ್ಮ ಹೈಸ್ಕೂಲಿನ ದೈಹಿಕ ಶಿಕ್ಷಕಿ ಅವರು; ಊರವರ ಬಾಯಲ್ಲಿ ಡ್ರಿಲ್ ಅಕ್ಕೋರು. ತವರು ರೋಣ. ಪೇಟೆಯಲ್ಲಿ ಹತ್ತಿಯ ಹರಾಜಿನ ಸವಾಲು ಕೂಗುವವರ ನಡುವೆ ಬೆಳೆದ ಗಂಟಲಾದ್ದರಿಂದ ಅವರಿಗೆ ಸೀಟಿಯ ಅಗತ್ಯವೇ ಇರಲಿಲ್ಲ.

ಅವರ ಬಗ್ಗೆ ಎಲ್ಲಿಂದ ಶುರು ಮಾಡಿದರೂ ನನ್ನ ಮನಸ್ಸು ಕೊಣ್ಣೂರಿನ ಸೇತುವೆಗೇ ಓಡುತ್ತದೆ. ಅದನ್ನು ಹಿಡಿದು ನಿಲ್ಲಿಸಿ, ಮೊದಲಿನದನ್ನು ಮೊದಲು ಹೇಳಬೇಕು.

ನಾವಿಬ್ಬರೂ ನರಗುಂದದಲ್ಲಿದ್ದೆವು. ಶಾಲೆ ಇದ್ದದ್ದು ಕೊಣ್ಣೂರು ದಾಟಿ, ಮಲಪ್ರಭೆಯ ಆಚೆ ದಂಡೆಯ ಹಳ್ಳಿಯಲ್ಲಿ. ದಿನಾ ಹೋಗಿ ಬರುವುದು ಬಸು ಎಂಬ ಹುಡುಗಾಟದ ಡ್ರೈವರನ ಕ್ರೂಸರಿನಲ್ಲಿ. ನಾನು ವಿಜ್ಞಾನದ ಮಾಸ್ತರ. ನಮ್ಮ ಜೊತೆ ಹೊಲದ ಕೂಲಿಗೆ ಹೋಗಿಬರುವ ಗಂಗವ್ವ ಮತ್ತು ಆಕೆಯ ಜೊತೆಗಾರ ಹೆಂಗಸರು. ಆ ವರ್ಷ ಟೀವಿಯಲ್ಲಿ ಕನ್ನಡಕ್ಕೆ ಡಬ್ ಆದ ಒಂದು ಧಾರಾವಾಹಿ ಬರುತ್ತಿತ್ತು. ಕಾಲದಲ್ಲಿ ಹಿಂದೆ ಮುಂದೆ ಓಡಾಡುವ ಯಂತ್ರದ ಕಥೆ. ಅಕ್ಕೋರು, ಬಸು ಇಬ್ಬರೂ ಅದಕ್ಕೆ ಅಂಟಿಕೊಂಡಿದ್ದರು. ಗಂಗವ್ವನ ಮನೆಯಲ್ಲಿ ಟೀವಿ ಕೆಟ್ಟಿತ್ತು. ಆದರೂ ಮುಂಜಾನೆಯ ಇವರಿಬ್ಬರ ಜಗಳದಿಂದಲೇ ಆಕೆಗೆ ಪೂರ್ತಿ ಕಥೆ ಗೊತ್ತಿತ್ತು.

ಕೊನೆಯ ಸಂಚಿಕೆ ಮುಗಿದ ಮರುದಿನ ಅಕ್ಕೋರು ಗಾಡಿ ಹತ್ತುವಾಗಲೇ ಚಪ್ಪಲಿ ಬಿಟ್ಟಿದ್ದರು.

ಕಥೆ ಇಷ್ಟೇ. ನಾಯಕನ ತಂಗಿ ರೈಲು ಅಪಘಾತದಲ್ಲಿ ಸತ್ತಿರುತ್ತಾಳೆ. ಆ ಸಂಕಟದಿಂದ ಅವನು ಯಂತ್ರ ಕಟ್ಟುತ್ತಾನೆ. ಕೊನೆಗೆ ಆ ದಿನಕ್ಕೇ ಹಿಂದಿರುಗಿ, ತಂಗಿ ರೈಲು ಹತ್ತದಂತೆ ತಡೆಯುತ್ತಾನೆ. ಅವಳು ನಗುತ್ತಾ ಮನೆಗೆ ಬರುತ್ತಾಳೆ. ಮುಗಿಯಿತು.

"ಹ್ಯಾಂಗ ಮುಗೀತದ?" ಅಕ್ಕೋರು ಗುಡುಗಿದರು. "ತಂಗಿ ಸಾಯಲೇ ಇಲ್ಲ ಅಂದ ಮ್ಯಾಲ ಅವ ಮಷಿನ್ ಯಾಕ ಮಾಡ್ತಾನ? ಮಷಿನ್ನ ಇಲ್ಲಂದ್ರ ಹಿಂದಕ್ಕ ಹೋದಾವ ಯಾರು? ಆಕಿನ್ನ ತಡದಾವ ಯಾರು? ಹೇಳಲೇ ಬಸ್ಯಾ!"

"ಅಲ್ಲೆ ಎರಡು ದಾರಿ ಆಗ್ತಾವ್ರಿ ಅಕ್ಕೋರ," ಬಸು ಸ್ಟೇರಿಂಗ್ ಬಿಟ್ಟು ಎರಡು ಬೆರಳು ತೋರಿಸಿದ. "ಒಂದ್ ದಾರ್‍ಯಾಗ ಆಕಿ ಸತ್ತಾಳ, ಒಂದ್ ದಾರ್‍ಯಾಗ ಬದುಕ್ಯಾಳ."

"ಮೊದ್ಲ ನೀ ಈ ದಾರಿ ನೋಡಿ ಹೊಡಿ. ಆದದ್ದು ಆಗಿ ಹೋತು. ಅದನ್ನ ಯಾರೂ ತಿದ್ದಾಕ ಬರೂದಿಲ್ಲ. ಸರ, ನೀವು ಸೈನ್ಸಿನವರು, ಏನಂತೀರಿ?"

ನಾನು ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ, "ಸರಗ ಗೊತ್ತಿಲ್ಲ ಬಿಡು," ಎಂದು ತಾವೇ ಮುಗಿಸಿದರು. ಅವರು ಅಭಿಪ್ರಾಯ ಕೇಳುತ್ತಿದ್ದ ರೀತಿಯೇ ಹಾಗೆ.

ಗಂಗವ್ವ ಎಲೆ ಅಡಿಕೆ ದವಡೆಗೆ ಸರಿಸಿದಳು. "ತಂಗಿ ಮನಿಗೆ ಬಂದ್ಲಿಲ್ಲೋ? ಬಂದಾಕಿನ್ನ ಒಳಗ ಕರಕೊಳ್ಳೂದ ಬಿಟ್ಟು, ಹ್ಯಾಂಗ ಬಂದಿ, ಯಾಕ ಬಂದಿ ಅಂತ ಕೇಳ್ಕೋತ ಕುಂತೀರಿ!"

ಗಾಡಿಯೆಲ್ಲ ನಕ್ಕಿತು. ಅಕ್ಕೋರು ನಗಲಿಲ್ಲ. ವಾದದಲ್ಲಿ ಸೋತೆ ಎಂದು ಅವರು ಹೇಳಿದ್ದನ್ನು ನಾನು ಕೇಳಿಯೇ ಇರಲಿಲ್ಲ. ಒಮ್ಮೆ ಖೋ-ಖೋ ಪಂದ್ಯದಲ್ಲಿ ಹುಡುಗಿ ಔಟಲ್ಲ ಎಂದು ಹೆಡ್‌ಮಾಸ್ತರರೊಂದಿಗೆ ವಾದಕ್ಕೆ ನಿಂತವರು, ಮೈದಾನ ಖಾಲಿಯಾಗಿ ಎಮ್ಮೆಗಳು ಮೇಯಲು ಬಂದರೂ ಅಲ್ಲೇ ನಿಂತಿದ್ದರು.

ಆ ಮಳೆಗಾಲ ನಮ್ಮ ಕಡೆ ಹನಿ ಬೀಳದಿದ್ದರೂ ಹೊಳೆ ತುಂಬುತ್ತಿತ್ತು. ಮಲಪ್ರಭೆಯ ಗುಣವೇ ಅದು. ಮೇಲೆ ಎಲ್ಲೋ ಸುರಿದ ಮಳೆ, ಅಣೆಕಟ್ಟಿನ ಬಾಗಿಲು ತೆರೆದ ಮೇಲೆ, ನಮ್ಮಲ್ಲಿಗೆ ಬಿಸಿಲಿನಲ್ಲಿ ಬರುತ್ತದೆ. ಒಂದು ಮುಂಜಾನೆ ನೀರು ಬಿಡುತ್ತಾರೆಂಬ ಸುದ್ದಿ ಮೊಬೈಲಿನಲ್ಲಿ ಹರಿದಾಡಿತು. ಅಕ್ಕೋರು ಸೇತುವೆಯ ಈಚೆ ಗಾಡಿ ನಿಲ್ಲಿಸಿಬಿಟ್ಟರು. ಬಸು ಎಷ್ಟು ಗೋಗರೆದರೂ ಕೇಳಲಿಲ್ಲ. ಚಹಾದಂಗಡಿಯಲ್ಲಿ ಮಧ್ಯಾಹ್ನದವರೆಗೆ ಕೂತೆವು. ಹೊಳೆ ಸೇತುವೆಯ ಕಂಬದ ಅರ್ಧಕ್ಕೂ ಏರಲಿಲ್ಲ. ಗಂಗವ್ವನವರ ಆ ದಿನದ ಕೂಲಿ ಹೋಯಿತು. ಹೆಡ್‌ಮಾಸ್ತರರು ನಮ್ಮಿಬ್ಬರಿಗೆ ರಜೆ ಹಾಕಿದರು.

"ಅಕ್ಕೋರು ಬರದ ಹೊಳಿ ನಿಲ್ಲಿಸಿದ್ರು ನೋಡ್ರಿ," ಎಂದು ಬಸು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದ.

"ಬರಲಿಲ್ಲ ಅಂತ ಆಡ್ಕೋತೀರಿ," ಎಂದರು ಅಕ್ಕೋರು. "ಬಂದಿದ್ರ, ಆಡ್ಕೊಳ್ಳಾಕ ನೀವ ಇರ್ತಿದ್ದಿಲ್ಲ."

ಮಾತು ಖಡಕ್ಕಾಗಿಯೇ ಇತ್ತು. ಆದರೆ ಕೂಲಿ ಕಳೆದುಕೊಂಡ ಹೆಂಗಸರು ಮರುದಿನ ಅವರ ಮುಖ ನೋಡದೆ ಗಾಡಿ ಹತ್ತಿದ್ದು ಅವರಿಗೆ ನಾಟಿತ್ತು.

ಆಮೇಲೆ ಆ ಸಂಜೆ ಬಂತು.

ಶಾಲೆ ಬಿಟ್ಟು ಹಿಂದಿರುಗುತ್ತಿದ್ದೆವು. ಆಕಾಶ ನಿಚ್ಚಳವಾಗಿತ್ತು. ಸೇತುವೆಯ ಮೇಲೆ ಪಾದ ತೋಯುವಷ್ಟು ಕೆಂಪು ನೀರು ಸರಸರ ಅಡ್ಡ ಹರಿಯುತ್ತಿತ್ತು. ಮುಂದೆ ಒಂದು ಟ್ರ್ಯಾಕ್ಟರ್ ಆರಾಮವಾಗಿ ದಾಟುತ್ತಿತ್ತು.

"ಬಸ್ಯಾ, ನಿಲ್ಲಸು," ಎಂದರು ಅಕ್ಕೋರು.

"ಇವತ್ತೂ ಒಣಾ ಹೊಳಿಗೆ ಹೆದರೂದೇನ್ರಿ? ಟ್ರ್ಯಾಕ್ಟರ್ ಹೊಂಟೈತಿ, ನೋಡ್ರಿ."

ಹಿಂದಿನಿಂದ ಯಾರೋ ಕಿಸಕ್ಕೆಂದರು. ಅಕ್ಕೋರು ಹಿಂದೆ ತಿರುಗಿ ಆ ಹೆಂಗಸರನ್ನು ನೋಡಿದರು. ಮತ್ತೆ 'ನಿಲ್ಲಸು' ಎನ್ನಲಿಲ್ಲ. ಕಿಟಕಿಯ ಕಡೆ ಮುಖ ಮಾಡಿದರು. ರಾತ್ರಿ ಕಣ್ಣು ಮುಚ್ಚಿದಾಗೆಲ್ಲ ನಾನು ಈ ಕ್ಷಣದಲ್ಲೇ ಗಾಡಿ ನಿಲ್ಲಿಸುತ್ತೇನೆ. ಒಮ್ಮೆ ಕೀಲಿ ಕಿತ್ತುಕೊಳ್ಳುತ್ತೇನೆ, ಒಮ್ಮೆ ಬಾಗಿಲು ತೆಗೆದು ಹಾರುತ್ತೇನೆ. ಆದರೆ ಪ್ರತಿ ಸಲವೂ ಗಾಡಿ ಮುಂದಕ್ಕೆ ಹೋಗಿಯೇ ಬಿಡುತ್ತದೆ.

ನಡುವೆ ಬಂದಾಗ ಎಂಜಿನ್ ಒಮ್ಮೆ ಕೆಮ್ಮಿ ನಿಂತಿತು. ಬಸು ಕೀಲಿ ತಿರುವಿದ, ತಿರುವಿದ. ನೀರು ಆಗಲೇ ಗಾಲಿಯ ಅರ್ಧಕ್ಕೆ ಬಂದಿತ್ತು. ಬಾಗಿಲ ಸಂದಿಯಿಂದ ಒಳಗೂ ಇಳಿಯಿತು. ಎಡಕ್ಕೆ ತಡೆಗೋಡೆಯಿಲ್ಲ, ಹೊಳೆಯೇ. ಬೇರುಸಹಿತ ಒಂದು ಜಾಲಿ ಗಿಡ ಬಂದು ಗಾಡಿಗೆ ಬಡಿದು, ಕೆಳಗೆ ತೂರಿ ಹೋಯಿತು. ಆ ಪೆಟ್ಟಿಗೆ ಹಿಂದಿನ ಗಾಲಿಗಳು ಅಂಚಿನ ಕಡೆಗೆ ತುಸು ಜಾರಿದವು. ಆ ಜಾರಿಕೆ ಇವತ್ತಿಗೂ ನನ್ನ ಸೊಂಟದಲ್ಲಿದೆ.

ಆಚೆ ದಂಡೆ ಮುಟ್ಟಿದ್ದ ಟ್ರ್ಯಾಕ್ಟರಿನವರು ಕೈ ಬೀಸಿ ಕೂಗಿದರು. ಹಗ್ಗ ತರುತ್ತೇವೆ ಎಂದೋ, ಇಳಿಯಬೇಡಿ ಎಂದೋ, ನೀರಿನ ಸದ್ದಿನಲ್ಲಿ ತಿಳಿಯಲಿಲ್ಲ. ಹಿಂದೆ ಹೆಂಗಸರು ಚೀರತೊಡಗಿದರು. ಒಬ್ಬಾಕೆ ಬಾಗಿಲ ಚಿಲಕಕ್ಕೆ ಕೈ ಹಾಕಿದಳು.

ಅಕ್ಕೋರು ಸೀಟಿ ಊದಿದರು. ಶಾಲೆಯಲ್ಲಿ ಆ ಸದ್ದಿಗೆ ಕಲ್ಲಾಗಿ ನಿಲ್ಲುವುದು ರೂಢಿಯಾಗಿತ್ತೋ ಏನೋ, ನಾನಂತೂ ಕಲ್ಲಾದೆ. ಹೆಂಗಸರೂ ಬೆಚ್ಚಿ ಸುಮ್ಮನಾದರು.

"ಯಾರೂ ಬಾಗಲಾ ತಗೀಬ್ಯಾಡ್ರಿ! ನೀರಾಗ ಕಾಲು ನಿಲ್ಲೂದಿಲ್ಲ. ಒಬ್ಬೊಬ್ಬರು ಇಳದಂಗ ಗಾಡಿ ಹಗುರ ಆಗ್ತದ, ಉಳದವ್ರನ್ನೂ ಒಯ್ತದ. ಎಲ್ಲಾರೂ ಬಲಕ್ಕ ಸರೀರಿ. ಸರ, ಹಿಂದಿನ ಚಿಲಕಾ ಹಿಡೀರಿ."

ನಾನು ಚಿಲಕ ಹಿಡಿದೆ. ಅಷ್ಟರಲ್ಲಿ ಬಸು ತನ್ನ ಬಾಗಿಲು ದೂಡುತ್ತಿದ್ದ. "ನಾ ಇಳದು ದೂಡ್ತೀನ್ರಿ ಅಕ್ಕೋರ, ಬಿಡ್ರಿ." ಅಕ್ಕೋರು ಅವನ ಕಾಲರು ಹಿಡಿದರು. ಅವನು ಕೊಸರಾಡಿದ. "ನೀವ ಹೇಳ್ತಿದ್ರಲ್ಲ, ಆಗೂದು ಆಗೇ ತೀರ್ತದ, ಯಾರೂ ತಿದ್ದಾಕ ಬರೂದಿಲ್ಲ ಅಂತ! ಸಾಯೂದ ಇತ್ತಂದ್ರ ಇಲ್ಲೆ ಕುಂತ್ರೂ ಅಷ್ಟ, ಇಳದ್ರೂ ಅಷ್ಟ. ಬಿಡ್ರಿ ನನ್ನ!"

ಅಕ್ಕೋರು ಒಂದು ಕ್ಷಣ ಅವನನ್ನೇ ನೋಡಿದರು. ಆಮೇಲೆ, ನೀರು ತುಂಬುತ್ತಿದ್ದ ಆ ಗಾಡಿಯಲ್ಲಿ, ಚಪ್ಪಲಿ ಬಿಟ್ಟು ಕಾಲು ಮೇಲೆ ಮಡಚಿ ಅವನ ಕಡೆ ತಿರುಗಿ ಕೂತರು. ಕಾಲರು ಮಾತ್ರ ಬಿಡಲಿಲ್ಲ.

"ನಾ ಸೋತೆ," ಎಂದರು. "ಕೇಳಿದೇನು? ನೀ ಹೇಳಿದ್ದ ಖರೇ. ಎರಡು ದಾರಿ ಅದಾವ. ಅವ್ವಾರ, ನೀವೆಲ್ಲಾರೂ ಸಾಕ್ಷಿ. ಈಗ ಹ್ಯಾಂಗ ಅದಾವ ಅನ್ನೂದನ್ನ ನಂಗ ಬಿಡಿಸಿ ಹೇಳು. ಮೊದ್ಲಿಂದ."

"ಈಗೇನ್ರಿ?" ಬಸು ಬಾಗಿಲು ದೂಡುವುದು ನಿಲ್ಲಿಸಿದ.

"ಈಗ. ಅವ ಸ್ಟೇಶನ್ನಿಗೆ ಬಂದ. ತಂಗಿ ಎಲ್ಲಿ ನಿಂತಿದ್ಲು?"

"ನಿಂತಿದ್ಲು... ಗಡಿಯಾರದ ಕೆಳಗ ನಿಂತಿದ್ಲು."

"ಆಕಿ ಹೆಸರೇನೋ ತಮ್ಮಾ?" ಗಂಗವ್ವ ಹಿಂದಿನಿಂದ ಕೇಳಿದಳು. "ಪಾಪ, ಇಷ್ಟು ದಿನ ಆತು, ಹೆಸರ ಕೇಳಿಲ್ಲ."

ಬಸು ಹೆಸರು ಹೇಳಿದ. ಕಣ್ಣೀರು ಸುರಿಸುತ್ತ, ಎರಡೂ ಕೈಯಲ್ಲಿ ಸ್ಟೇರಿಂಗ್ ಅಪ್ಪಿಕೊಂಡು, ಕೊನೆಯ ಸಂಚಿಕೆಯನ್ನು ಮೊದಲಿನಿಂದ ಹೇಳಿದ. ಎಲ್ಲಿ ತಪ್ಪಿದರೂ ಅಕ್ಕೋರು ತಡೆದು ಮತ್ತೆ ಹೇಳಿಸಿದರು. ಗಾಡಿ ಮತ್ತೊಮ್ಮೆ ಜಾರಿತು. ಯಾರೂ ಚೀರಲಿಲ್ಲ, ಅಕ್ಕೋರು, "ಆಮ್ಯಾಲ?" ಎಂದರು. ತಂಗಿ ರೈಲಿನ ಮೆಟ್ಟಿಲಿಗೆ ಕಾಲಿಡುವ ಹೊತ್ತಿಗೆ ಟ್ರ್ಯಾಕ್ಟರ್ ಹಿಮ್ಮುಖವಾಗಿ ಬಂದು ಮುಟ್ಟಿತು. ಇಬ್ಬರು ಗಂಡಸರು ಅದರ ಮೇಲಿಂದಲೇ ಬಗ್ಗಿ ಹಗ್ಗ ಬಿಗಿದರು. ಎಳೆದ ರಭಸಕ್ಕೆ ನಮ್ಮೆಲ್ಲರ ತಲೆ ಹಿಂದಕ್ಕೆ ಬಡಿಯಿತು.

ದಂಡೆಯ ಮೇಲೆ ಬಸು ವಾಂತಿ ಮಾಡಿಕೊಂಡ. ಗಂಗವ್ವ ಅಕ್ಕೋರ ಗಲ್ಲ ಸವರಿ ಲಟಿಕೆ ಮುರಿದಳು, ಕೂಲಿಯ ಮಾತು ಎತ್ತಲಿಲ್ಲ. ನಾವು ತಿರುಗಿ ನೋಡಿದಾಗ ಸೇತುವೆ ಮುಳುಗಿ, ಅದಿತ್ತೆಂಬ ಗುರುತೂ ಇರಲಿಲ್ಲ, ಬರೀ ನೀರು.

ಅಂದಿನಿಂದ ಅಕ್ಕೋರು ಆ ಧಾರಾವಾಹಿಯ ಮಾತು ಎತ್ತಲಿಲ್ಲ. ಬಸು, "ಒಪ್ಪಿದ್ರಲ್ಲ ಅಕ್ಕೋರ," ಎಂದು ಕೆಣಕಿದರೂ, "ಒಪ್ಪೀನಪಾ," ಎಂದು ಸುಮ್ಮನಾಗುತ್ತಿದ್ದರು. ಮುಂದಿನ ಬೇಸಿಗೆಗೆ ಅವರಿಗೆ ಗಜೇಂದ್ರಗಡಕ್ಕೆ ವರ್ಗವಾಯಿತು.

ಕೊನೆಯ ಸಲ ನೋಡಿದ್ದು ಅಲ್ಲಿಯೇ, ಗುಡ್ಡದ ಬುಡದ ಮೈದಾನದಲ್ಲಿ. ನಮ್ಮ ಹುಡುಗಿಯರನ್ನು ಆಟಕ್ಕೆ ಕರೆದೊಯ್ದಿದ್ದೆ. ಅಕ್ಕೋರು ಕೈಯಲ್ಲಿ ಸುಣ್ಣದ ಬುಟ್ಟಿ ಹಿಡಿದು ಗೆರೆ ಹಾಕುತ್ತಿದ್ದರು. ನಿದ್ದೆ ಬರುವುದಿಲ್ಲವೆಂದು ಅವರಿಗೆ ಹೇಳಬೇಕೆಂದುಕೊಂಡಿದ್ದೆ. ಬಾಯಿಗೆ ಬಂದದ್ದು ಬೇರೆ.

"ಅಕ್ಕೋರ, ಅವತ್ತು ಖರೇನ ಒಪ್ಪಿದ್ರೇನ್ರಿ?"

ಅವರು ಗೆರೆ ಮುಗಿಸಿ ನೆಟ್ಟಗೆ ನಿಂತರು. "ಎಲ್ಲೀದ್ರಿ ಸರ. ಅದು ಹುಚ್ಚ ಕಥಿ. ಆದದ್ದನ್ನ ತಿದ್ದಾಕ ಬರೂದಿಲ್ಲ. ನಾ ಅವತ್ತ ಸುಮ್ನ ಕುಂತೆ ನೋಡ್ರಿ, ಅವ್ರು ನಕ್ಕಾರಂತ? ಅದನ್ನ ಎಷ್ಟ ಸಲ ತಿದ್ದಿ ನೋಡೀನಿ ರಾತ್ರಿ. ಬರೂದಿಲ್ಲ."

ನನ್ನಂತೆಯೇ ಇನ್ನೊಬ್ಬರು ರಾತ್ರಿ ಎದ್ದು ಕೂರುತ್ತಿದ್ದಾರೆ ಎಂದು ಆಗ ತಿಳಿಯಿತು.

"ಬಸ್ಯಾಗ ಮಾತ್ರ ಹೇಳಬ್ಯಾಡ್ರಿ," ಎಂದರು. "ತಿದ್ದಾಕ ಬರ್ತದ ಅಂತ ನಂಬಿದಾವ ಹೊಳಿ ಮುಂದ ಗಾಡಿ ನಿಲ್ಲಸ್ತಾನ. ನಿಲ್ಲಸ್ತಾನಿಲ್ಲೋ?"

"ನಿಲ್ಲಸ್ತಾನ್ರಿ."

"ಹೊಳಿ ಒಣಗಿದ್ರೂ?"

"ಒಣಗಿದ್ರೂ."

"ಹಂಗಾರ ನಾ ಸೋತಂಗ ಇರಲಿ," ಎಂದು ಬುಟ್ಟಿ ಎತ್ತಿಕೊಂಡು ಮುಂದಿನ ಗೆರೆಗೆ ನಡೆದರು.

ಮರುದಿನ ಮುಂಜಾನೆ ಬಸು ಸೇತುವೆಯ ಈಚೆ ಗಾಡಿ ನಿಲ್ಲಿಸಿ, ಇಳಿದು, ಕಂಬಗಳ ತನಕ ಹೋಗಿ ನೋಡಿ ಬಂದ. ಹೊಳೆ ತೀರ ಕೆಳಗಿತ್ತು.

"ಅಕ್ಕೋರು ಸಿಕ್ಕಿದ್ರೇನ್ರಿ? ಇನ್ನೂ ಒಪ್ಪ್ಯಾರಲ್ಲ?"

"ಒಪ್ಪ್ಯಾರ," ಎಂದೆ.

ಅವನು ಖುಷಿಯಿಂದ ಗೇರು ಹಾಕಿದ. ಒಣ ಸೇತುವೆಯ ಮೇಲೆ ಗಾಡಿ ಹೊರಟಿತು. ಆಚೆ ದಂಡೆ ಬರುವ ತನಕ ನಾನು ಕಾಲು ಸೀಟಿನ ಮೇಲೆ ಮಡಚಿಕೊಂಡೇ ಕೂತಿದ್ದೆ, ಪಾದ ಗಾಡಿಯ ನೆಲಕ್ಕೆ ತಾಗಿಸಲಿಲ್ಲ.